ಸೂಜಿ ಒಂದಿದ್ದರೆ ಸಾಕು, ಮಿಷನ್ ಯಾಕೆ ಬೇಕು?

ಈ ವಾರ ಬಂದ ಕಾಗದಗಳ ರಾಶಿಯಿಂದ ಎರಡನ್ನು ಮಾತ್ರ ಎತ್ತಿಕೊಂಡಿದ್ದೇನೆ. ಯಾವ ನಾಯಕಿ ಯಾವ ನಾಯಕನ ಜೊತೆ ಮಾತು ಬಿಟ್ಟಿದ್ದಾಳೆ ಎಂದು ಕೇಳಿದವರೆಲ್ಲ ಮುಂದಿನ ವಾರದವರೆಗೆ ತಾಳಿಕೊಳ್ಳಬೇಕು! ಒಂದು ಕಾಗದ ಚಳ್ಳಕೆರೆಯಿಂದ, ಇನ್ನೊಂದು ಮೊಳಕಾಲ್ಮೂರಿನಿಂದ. ಒಂದೇ ಜಿಲ್ಲೆಯ ಎರಡು ಊರು. ಬರೆದವರಿಗೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ಕೇಳಿದ್ದಕ್ಕೆ ಇನ್ನೊಂದು ಉತ್ತರ ಹೇಳುವ ಹಾಗಿದೆ.

ಚಳ್ಳಕೆರೆಯ ತಂಗಿ ಕಾಲೇಜು ಓದುವ ಹುಡುಗಿ. ಸಂತೆಯಲ್ಲಿ ಗುಡ್ಡೆ ಹಾಕಿದ ಹಳೇ ಬಟ್ಟೆಯಲ್ಲಿ ಹುಡುಕಿ ೧೨೦ ರೂಪಾಯಿಗೆ ಒಂದು ಉದ್ದನೆಯ ಗೌನು ತಂದಿದ್ದಾಳೆ. "ಬಣ್ಣ ಮಾತ್ರ ಕಣ್ಣಿಗೆ ಹಬ್ಬ ಅಕ್ಕಾ, ನವಿಲಿನ ಕುತ್ತಿಗೆ ನೀಲಿ. ಆದರೆ ಭುಜದೊಳಗೆ ಸ್ಪಂಜು, ಬುಗ್ಗೆ ತೋಳು, ಮೊರದಷ್ಟು ಅಗಲದ ಕಾಲರು, ಸೊಂಟ ಅಂತೂ ಇಲ್ಲವೇ ಇಲ್ಲ. ಹಾಕ್ಕೊಂಡು ಕನ್ನಡಿ ಮುಂದೆ ನಿಂತರೆ ಹಳೇ ಪಿಕ್ಚರಿನಲ್ಲಿ ಸಾಹುಕಾರನ ಮಗಳ ಹಿಂದೆ ನಿಲ್ಲೋ ಗೆಳತಿ ಥರ ಕಾಣ್ತೀನಿ" ಎಂದು ಬರೆದಿದ್ದಾಳೆ. ಮುಂದಿನ ತಿಂಗಳು ಅವಳ ಅಕ್ಕನ ನಿಶ್ಚಿತಾರ್ಥ. ಟೈಲರ್ ೩೦೦ ರೂಪಾಯಿ ಕೇಳಿದನಂತೆ. ಮನೆಯಲ್ಲಿದ್ದ ಹೊಲಿಗೆ ಮಿಷನ್ ಹೋದ ವರ್ಷ ಕಾಲೇಜಿನ ಫೀಸಿಗೆ ಮಾರಿಹೋಯಿತಂತೆ. ಕೊನೆಯಲ್ಲಿ ಒಂದು ಸಾಲು ಸಣ್ಣ ಅಕ್ಷರದಲ್ಲಿದೆ: "ಗಂಡಿನ ಕಡೆಯವರಿಗೆ ಸಂತೆ ಬಟ್ಟೆ ಅಂತ ಗೊತ್ತಾದರೆ ಅಕ್ಕನಿಗೆ ಅವಮಾನ ಅಲ್ವಾ?"

ಮೊಳಕಾಲ್ಮೂರಿನ ಕಾಗದ ಒಬ್ಬ ತಾಯಿಯದು. ಅವರ ಯಜಮಾನರು ನೇಕಾರರು. ತಮ್ಮ ಮದುವೆಗೆ ತಾವೇ ನೇಯ್ದು ಹೆಂಡತಿಗೆ ಉಡಿಸಿದ ಸೀರೆ ಅದು. "ಈಗ ಅವರೂ ಇಲ್ಲ, ಮಗ್ಗವೂ ಇಲ್ಲ. ಸೀರೆ ಮಡಿಕೆ ಮಡಿಕೆಗೂ ಬಿರಿದುಹೋಗಿದೆ. ಹಳೇ ಜರಿ ಕೊಳ್ಳೋರು ಬಾಗಿಲಿಗೆ ಬಂದು ೨,೦೦೦ ಕೊಡ್ತೀವಿ ಅಂತಾರೆ. ಸುಟ್ಟು ಬೆಳ್ಳಿ ತೆಗೀತಾರಂತೆ. ಮಗಳು ಕೊಟ್ಟುಬಿಡಮ್ಮ ಅಂತಾಳೆ. ನನಗೆ ಕೈ ಬರ್ತಾ ಇಲ್ಲ. ಹರಿದ ಸೀರೆ ಇಟ್ಟುಕೊಂಡು ಏನು ಮಾಡಲಿ, ನೀವೇ ಹೇಳಿ."

ಹೇಳುತ್ತೇನೆ. ಅದಕ್ಕೂ ಮುಂಚೆ ಒಂದಿಷ್ಟು ಸಿನಿಮಾ ಮಾತು. ಇಲ್ಲದಿದ್ದರೆ ಸಂಪಾದಕರು "ಇದು ಸಿನಿಮಾ ಪತ್ರಿಕೆಯೋ ಹೊಲಿಗೆ ಶಾಲೆಯೋ" ಎಂದು ಕೇಳಿಯಾರು!

ಪರದೆ ಹರಿದು ಗೌನು ಮಾಡಿದ ನಾಯಕಿ

೧೯೩೯ರ 'ಗಾನ್ ವಿತ್ ದಿ ವಿಂಡ್' ಚಿತ್ರ ನೋಡಿದವರಿಗೆ ನೆನಪಿರಬೇಕು. ಯುದ್ಧದಲ್ಲಿ ಎಲ್ಲ ಕಳೆದುಕೊಂಡ ನಾಯಕಿ ಸ್ಕಾರ್ಲೆಟ್, ಅಂದರೆ ವಿವಿಯನ್ ಲೀ, ಸಾಲ ಕೇಳಲು ಹೋಗಬೇಕು. ಹರಕು ಬಟ್ಟೆಯಲ್ಲಿ ಹೋದರೆ ಯಾರು ಕೊಡುತ್ತಾರೆ? ಕಿಟಕಿಗೆ ತೂಗುಬಿಟ್ಟಿದ್ದ ಹಸಿರು ಮಖಮಲ್ಲಿನ ಪರದೆಯನ್ನೇ ಕಿತ್ತು ಗೌನು ಮಾಡಿಸಿಕೊಂಡು ರಾಣಿಯ ಹಾಗೆ ಹೋಗುತ್ತಾಳೆ. ೧೯೬೫ರ 'ಸೌಂಡ್ ಆಫ್ ಮ್ಯೂಸಿಕ್' ಚಿತ್ರದಲ್ಲಿಯೂ ಅಷ್ಟೇ. ಮನೆಪಾಠ ಹೇಳಲು ಬಂದ ಮರಿಯಾ ಹಳೇ ಪರದೆಗಳಿಂದಲೇ ಏಳು ಮಕ್ಕಳಿಗೂ ಆಟದ ಬಟ್ಟೆ ಹೊಲಿದುಕೊಡುತ್ತಾಳೆ. ಆ ಎರಡು ಚಿತ್ರಗಳನ್ನು ಕೋಟ್ಯಂತರ ಜನ ನೋಡಿದರು. ಯಾರೂ "ಛೆ, ಪರದೆ ಬಟ್ಟೆ" ಎನ್ನಲಿಲ್ಲ. "ಎಂಥ ಜಾಣೆ!" ಎಂದರು.

ನಮ್ಮಲ್ಲಿ ನೋಡೋಣವೇ? ಚಳ್ಳಕೆರೆಯಿಂದ ಬಳ್ಳಾರಿ ದಾರಿ ಹಿಡಿದರೆ ತಳುಕು ಸಿಗುತ್ತದೆ. ತ.ರಾ.ಸು. ಹೆಸರಿನ ಮೊದಲ 'ತ' ಅಕ್ಷರ ಆ ತಳುಕಿನದೇ. ಅವರ ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ 'ನಾಗರಹಾವು' ತೆಗೆದರು. ಅದರಲ್ಲಿ ಮಾರ್ಗರೆಟ್ ಆಗಿ ಬಂದ ಶುಭಾ ಅವರ ಪಾಶ್ಚಾತ್ಯ ಉಡುಪನ್ನು ಆ ಕಾಲದ ಹುಡುಗಿಯರು ಕಣ್ಣರಳಿಸಿ ನೋಡಿದ್ದು ನಿಜ. ಆದರೆ ಇವತ್ತಿಗೂ ಜನ ಮರೆಯದಿರುವುದು ಓಬವ್ವನಾದ ಜಯಂತಿಯವರನ್ನು. ಸೀರೆ! ಒಂದು ಹೊಲಿಗೆಯೂ ಇಲ್ಲದ ಬಟ್ಟೆ. ಅದನ್ನೇ ಬಿಗಿದು ಉಟ್ಟು ಒನಕೆ ಎತ್ತಿದಳು, ಕೋಟೆ ಕಾದಳು. ಇನ್ನು ೧೯೭೧ರ 'ಶರಪಂಜರ'ದ ಕಲ್ಪನಾ? ಅವರ ಸೀರೆ, ರವಿಕೆ ತೋಳು, ದಪ್ಪ ಬಳೆಗಳನ್ನು ನೋಡಿ ಬಂದ ಹೆಣ್ಣುಮಕ್ಕಳು ಮನೆಗೆ ಹೋಗಿ ಪೆಟ್ಟಿಗೆ ತೆರೆದು, ಇದ್ದ ರವಿಕೆಗಳನ್ನೇ ಬಿಚ್ಚಿ ತಿದ್ದಿಕೊಂಡದ್ದು ಎಷ್ಟೋ! ಆಗ ಎಷ್ಟು ಮನೆಯಲ್ಲಿ ಮಿಷನ್ ಇತ್ತು ಹೇಳಿ?

ಅದೂ ಬೇಡ. ನಿಮ್ಮ ಸೀಮೆಯ ಕೌದಿ ನೋಡಿ. ಅಜ್ಜಿಯ ಸೀರೆ, ತಾತನ ಪಂಚೆ, ಮಗುವಿನ ಲಂಗ ಒಂದರ ಮೇಲೊಂದು ಹಾಸಿ, ಬರೀ ಕೈಯಿಂದ ಸಾಲು ಸಾಲಾಗಿ ಹೊಲಿದದ್ದು. ಹತ್ತು ವರ್ಷ ಹೊದ್ದರೂ ದಾರ ಬಿಡುವುದಿಲ್ಲ. ಚಳ್ಳಕೆರೆಯ ಕರಿ ಕಂಬಳಿಗಂತೂ ಮಿಷನ್ನಿನ ಪರಿಚಯವೇ ಇಲ್ಲ. ಕುರಿಯ ಉಣ್ಣೆ ಕತ್ತರಿಸಿ, ಕೈಯಲ್ಲಿ ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ತಿನ್ನಿಸಿದ ಕಂಬಳಿ ಮಳೆಯನ್ನೇ ತಡೆಯುತ್ತದೆ. ಅಂಥ ಊರಿನಲ್ಲಿ ಕೂತು "ಮಿಷನ್ ಇಲ್ಲ" ಅಂತ ಅಳಬಹುದೇ ತಂಗೀ?

ಮೊದಲು ಬಟ್ಟೆಯ ಜಾತಕ ನೋಡು

ಸಂತೆಯಿಂದ ತಂದ ಬಟ್ಟೆಗೆ ಮೊದಲ ಕೆಲಸ ಸ್ನಾನ. ಸೀಮೆಸುಣ್ಣ ಕತ್ತರಿ ಎಲ್ಲ ಆಮೇಲೆ. ಹತ್ತಿ ಬಟ್ಟೆಯಾದರೆ ನೀರು ಕಂಡೊಡನೆ ಕುಗ್ಗುತ್ತದೆ. ಕತ್ತರಿಸಿದ ಮೇಲೆ ಕುಗ್ಗಿದರೆ ಯಾರನ್ನು ಕೇಳುತ್ತೀ? ಒಗೆಯುವ ಮುಂಚೆ ಒಳಮಡಿಕೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡು. ಬಣ್ಣ ಅಂಟಿದರೆ ಬೇರೆ ಬಟ್ಟೆಯ ಜೊತೆ ನೆನೆಹಾಕಬೇಡ, ತಣ್ಣೀರಿನಲ್ಲಿ ಒಂದನ್ನೇ ಒಗಿ.

ಆಮೇಲೆ ಬಟ್ಟೆ ಯಾವುದು ಅಂತ ತಿಳಿ. ಒಳಗಿನ ಹೊಲಿಗೆಯಂಚಿನಿಂದ ಎರಡು ಎಳೆ ಕಿತ್ತು, ನೀರು ತುಂಬಿದ ತಟ್ಟೆಯ ಮೇಲೆ ಹಿಡಿದು ಕಡ್ಡಿ ಗೀರು. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಕರಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ನಿನ್ನ ಗೌನು ಬಹುಶಃ ಈ ಮೂರನೆಯದೇ. ಹಾಗಿದ್ದರೆ ಎರಡು ಮಾತು ನೆನಪಿಡು. ಇಸ್ತ್ರಿ ಬಿಸಿ ಕಡಿಮೆ ಇರಲಿ, ಮೇಲೊಂದು ತೆಳು ಬಟ್ಟೆ ಹಾಸಿಯೇ ಉಜ್ಜು. ಅಂಗಡಿಯ ಪೊಟ್ಟಣದ ಬಣ್ಣ ಕೊಂಡು ಅದ್ದಲು ಹೋಗಬೇಡ, ಪಾಲಿಯೆಸ್ಟರಿಗೆ ಅದು ಹತ್ತುವುದಿಲ್ಲ. ಹೇಗೂ ನವಿಲು ನೀಲಿ ಇದೆಯಲ್ಲ, ಅದಕ್ಕಿಂತ ಬೇರೆ ಬಣ್ಣ ಬೇಕೇ?

ಸೇರಿಸುವುದಕ್ಕಿಂತ ಮೊದಲು ತೆಗೆ

ಹಳೇ ಕಾಲದ್ದು ಅಂತ ಕಾಣುವುದು ಬಟ್ಟೆಯಿಂದಲ್ಲ, ಅದರ ಮೇಲೆ ಹೊತ್ತಿರುವ ಹೊರೆಯಿಂದ. ಭುಜದ ಸ್ಪಂಜು ನಾಲ್ಕೈದು ದಾರದಲ್ಲಿ ಸಿಕ್ಕಿರುತ್ತದೆ. ಕತ್ತರಿಸಿ ಎಸೆ. ಅರ್ಧ ವಯಸ್ಸು ಇಳಿಯುತ್ತದೆ! ಭುಜ ಸ್ವಲ್ಪ ಜೋಲುಬಿದ್ದರೆ ಒಳಗಡೆಯಿಂದ ಭುಜದ ಹೊಲಿಗೆಯ ಮೇಲೆ ಒಂದು ಸಣ್ಣ ಮಡಿಕೆ ಹಿಡಿದು ಹೊಲಿ.

ಕಾಲರು ಬಿಚ್ಚುವಾಗ ಎಳೆದು ಹರಿಯಬೇಡ. ಒಂದು ಬದಿಯಲ್ಲಿ ಪ್ರತಿ ನಾಲ್ಕನೇ ಹೊಲಿಗೆಯನ್ನು ಸಣ್ಣ ಕತ್ತರಿಯ ತುದಿಯಿಂದ ಕತ್ತರಿಸು. ಇನ್ನೊಂದು ಬದಿಯಿಂದ ದಾರ ಎಳೆದರೆ ಮಲ್ಲಿಗೆ ದಂಡೆ ಬಿಚ್ಚಿದ ಹಾಗೆ ಬರುತ್ತದೆ. ಕಾಲರು ಹೋದಮೇಲೆ ಕುತ್ತಿಗೆಯ ಎರಡು ಪದರ ಬಾಯಿ ಬಿಟ್ಟಿರುತ್ತವೆ. ಎರಡರ ಅಂಚನ್ನೂ ಒಳಕ್ಕೆ ಮಡಿಚಿ, ಮುಖಾಮುಖಿ ಕೂಡಿಸಿ, ಕಾಣದಂತೆ ಸಣ್ಣ ಸಣ್ಣ ಹೊಲಿಗೆ ಹಾಕು. ಕಿತ್ತ ಕಾಲರನ್ನು ಎಸೆಯಬೇಡ. ಕೆಲಸವಿದೆ.

ಬುಗ್ಗೆ ತೋಳಿಗೆ ಹೆದರಬೇಡ. ಗೌನನ್ನು ತಿರುವಿಹಾಕಿ, ತೋಳಿನ ಮೇಲ್ತುದಿಯ ಉಬ್ಬನ್ನು ಮೂರು ಚಪ್ಪಟೆ ನೆರಿಗೆಯಾಗಿ ಹಿಂದಕ್ಕೆ ಮಡಿಚು. ಪಿನ್ನು ಹಾಕು. ಎರಡು ತೋಳೂ ಸಮ ಇದೆಯೇ ಎಂದು ಕನ್ನಡಿಯಲ್ಲಿ ನೋಡು. ಆಮೇಲೆ ಮೊದಲು ಕಚ್ಚಾ ಹೊಲಿಗೆ, ಅಂದರೆ ಉದ್ದುದ್ದ ಹೊಲಿಗೆ. ಸರಿಯಾಗಿದೆ ಎನಿಸಿದ ಮೇಲೆ ಗಟ್ಟಿ ಹೊಲಿಗೆ. ಗಟ್ಟಿ ಹೊಲಿಗೆ ಎಂದರೆ ಬೇರೇನಲ್ಲ, ಸೂಜಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಮಿಷನ್ ಹೊಲಿಗೆಗೆ ಇದು ಯಾವುದರಲ್ಲೂ ಕಮ್ಮಿಯಿಲ್ಲ. ಎಳೆತ ಬೀಳುವ ಕಂಕುಳು, ತೋಳು, ಸೊಂಟಕ್ಕೆಲ್ಲ ಇದನ್ನೇ ಹಾಕಬೇಕು. ದಾರ ಮೊಳದುದ್ದಕ್ಕಿಂತ ಜಾಸ್ತಿ ಬೇಡ, ಉದ್ದವಾದಷ್ಟೂ ಗಂಟು. ಸೂಜಿ ೯ ಅಥವಾ ೧೦ನೇ ನಂಬರು ಕೇಳಿ ತೊಗೋ. ಕೈಸೂಜಿಯಲ್ಲಿ ನಂಬರು ಏರಿದಷ್ಟೂ ಸೂಜಿ ಸಣ್ಣ.

ಸೊಂಟ ಎಲ್ಲಿಂದ ಬರುತ್ತದೆ?

ಎರಡು ಪಕ್ಕ ಹಿಡಿದು ಹೊಲಿದುಬಿಡೋಣ ಅನಿಸುತ್ತದೆ. ಸ್ವಲ್ಪ ನಿಲ್ಲು. ಹಳೇ ಗೌನುಗಳಲ್ಲಿ ಜಿಪ್ಪು ಇಲ್ಲದಿದ್ದರೆ ಅದು ತಲೆ, ಭುಜ ದಾಟಿ ಇಳಿಯಬೇಕು. ಸೊಂಟ ಬಿಗಿ ಮಾಡಿದರೆ ನಿಶ್ಚಿತಾರ್ಥದ ದಿನ ನೀನು ಗೌನಿನೊಳಗೆ, ಕೈಗಳು ಮೇಲೆ! ಅದಕ್ಕೇ ನನ್ನ ದಾರಿ ಕೇಳು. ಕಿತ್ತ ಕಾಲರಿನಿಂದಲೂ ಕೆಳಗೆ ಕತ್ತರಿಸುವ ಬಟ್ಟೆಯಿಂದಲೂ ಎರಡು ಲಾಡಿ ಮಾಡು. ಒಂದೊಂದು ಮುಕ್ಕಾಲು ಗಜ ಇರಲಿ. ಪಕ್ಕದ ಹೊಲಿಗೆಯಲ್ಲಿ ಸೊಂಟದ ನೇರಕ್ಕೆ ಎರಡು ಬೆರಳಗಲ ಬಿಚ್ಚಿ, ಲಾಡಿಯ ತುದಿ ಒಳಗಿಟ್ಟು, ಗಟ್ಟಿ ಹೊಲಿಗೆ ಹಾಕಿ ಮುಚ್ಚು. ಬೆನ್ನ ಹಿಂದೆ ಕಟ್ಟಿದರೆ ಸೊಂಟ ತಾನಾಗಿ ಬರುತ್ತದೆ. ಬಿಚ್ಚಿದರೆ ಗೌನು ಸಲೀಸಾಗಿ ಇಳಿಯುತ್ತದೆ. ಇದನ್ನು ನಾನೇ ಮಾಡಿ, ತೊಟ್ಟು, ಮದುವೆ ಊಟ ಮುಗಿಸಿ ಬಂದಿದ್ದೇನೆ. ಊಟದ ಮೇಲೆ ಲಾಡಿ ಸ್ವಲ್ಪ ಸಡಿಲ ಮಾಡಿಕೊಳ್ಳುವ ಸೌಕರ್ಯ ಯಾವ ಟೈಲರ್ ಕೊಡುತ್ತಾನೆ?

ಉದ್ದ ತಗ್ಗಿಸುವಾಗ ಸೊಂಟದಿಂದ ಕೆಳಕ್ಕೆ ಅಳೆಯಬಾರದು. ನೆಲದಿಂದ ಮೇಲಕ್ಕೆ ಅಳೆಯಬೇಕು. ಗೌನು ತೊಟ್ಟು ನೆಟ್ಟಗೆ ನಿಲ್ಲು. ಅಮ್ಮನೋ ಅಕ್ಕನೋ ಒಂದು ಕೋಲನ್ನು ನೆಲಕ್ಕೆ ಊರಿ, ಸುತ್ತಲೂ ಒಂದೇ ಎತ್ತರಕ್ಕೆ ಸವೆದ ಸೋಪಿನ ಚೂರಿನಿಂದ ಗುರುತು ಹಾಕಲಿ. ಗುರುತಿನಿಂದ ಎರಡು ಅಂಗುಲ ಬಿಟ್ಟು ಕತ್ತರಿಸು. ಮೊದಲು ಅರ್ಧ ಅಂಗುಲ, ಆಮೇಲೆ ಒಂದೂವರೆ ಅಂಗುಲ ಮಡಿಚಿ, ಹೊರಗಿನ ಬಟ್ಟೆಯ ಒಂದೆರಡು ಎಳೆ ಮಾತ್ರ ಕಚ್ಚಿ ಹೆಮ್ಮಿಂಗ್ ಮಾಡು. ದಾರ ಬಿಗಿ ಎಳೆದರೆ ಅಂಚು ಸುಕ್ಕಾಗುತ್ತದೆ. ಒಂದು ಸಂಜೆಯ ಕೆಲಸ, ಅಷ್ಟೇ.

ಇಸ್ತ್ರಿ ಹಾಕಿದರೆ ಅಂಟುವ ಟೇಪು, ಬಟ್ಟೆ ಅಂಟು ಅಂತೆಲ್ಲ ಈಗ ಬಂದಿವೆ. ಮೊಬೈಲಿನಲ್ಲಿ ಅರ್ಧ ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಅವಸರಕ್ಕೆ ಆದೀತು. ಆದರೆ ಅಂಟು ಬಟ್ಟೆಯನ್ನು ರಟ್ಟಿನಂತೆ ಮಾಡುತ್ತದೆ, ನಾಲ್ಕು ಒಗೆತಕ್ಕೆ ಬಿಡಬಹುದು. ರೇಷ್ಮೆಯ ಹತ್ತಿರಕ್ಕಂತೂ ತರಲೇಬೇಡಿ, ಕಲೆ ಹೋಗುವುದಿಲ್ಲ.

ಮೊಳಕಾಲ್ಮೂರಿನ ತಾಯಿಗೆ

ಅಮ್ಮಾ, ನಿಮ್ಮ ಪ್ರಶ್ನೆಗೆ ಈಗ ಬಂದೆ. ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಮಾತು ಇವತ್ತಿಗೂ ಉಳಿದಿರುವ ಬ್ರಹ್ಮಗಿರಿ ನಿಮ್ಮ ತಾಲ್ಲೂಕಿನದು. ಬಂಡೆಯ ಮೇಲೆ ಬರೆದದ್ದು ಉಳಿಯುತ್ತದೆ, ರೇಷ್ಮೆಯಲ್ಲಿ ನೇಯ್ದದ್ದು ಉಳಿಯುವುದಿಲ್ಲ. ಯಾರಾದರೂ ಉಳಿಸಿದರೆ ಮಾತ್ರ ಉಳಿದೀತು. ಮೊಳಕಾಲ್ಮೂರು ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಊರಿನವರು ಆ ಹೆಸರಿಟ್ಟು ಮಾರುವಂತಿಲ್ಲ. ಹೆಸರಿಗೆ ಕಾವಲು ಸಿಕ್ಕಿತು, ಸರಿ. ಮನೆಯ ಪೆಟ್ಟಿಗೆಯಲ್ಲಿರುವ ಸೀರೆಗೆ ಕಾವಲು ನೀವೇ.

ಮಾರಲೇಬಾರದು ಎಂದು ನಾನು ಹೇಳುವುದಿಲ್ಲ. ಹೊಟ್ಟೆ ಪಾಡಿನ ಮುಂದೆ ಯಾರೂ ಯಾರಿಗೂ ಬುದ್ಧಿ ಹೇಳಬಾರದು. ಆದರೆ ಏನನ್ನು ಮಾರುತ್ತಿದ್ದೇವೆ ಎಂದು ತಿಳಿದು ಮಾರಬೇಕು. ಹಳೇ ಕಾಲದ ಅಸಲಿ ಜರಿಯೆಂದರೆ ರೇಷ್ಮೆ ದಾರದ ಸುತ್ತ ಸುತ್ತಿದ ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ಲೇಪ. ಈಗಿನ ಅಗ್ಗದ ಜರಿಯಲ್ಲಿ ಬೆಳ್ಳಿಯ ಜಾಗಕ್ಕೆ ತಾಮ್ರ ಬಂದಿದೆ, ಇನ್ನೂ ಅಗ್ಗದ್ದರಲ್ಲಿ ಬರೀ ಹೊಳೆಯುವ ಪ್ಲಾಸ್ಟಿಕ್ ಪದರ. ಬಾಗಿಲಿಗೆ ಬಂದವನು ಸೀರೆಯನ್ನು ಕೈಯಲ್ಲಿ ಎತ್ತಿ ನೋಡಿ ೨,೦೦೦ ಅಂದನಲ್ಲ, ಅವನಿಗೆ ಲಾಭವಿಲ್ಲದೆ ಅನ್ನುತ್ತಾನೆಯೇ? ಮಾರುವುದೇ ಆದರೆ ಪರಿಚಯದ ಬೆಳ್ಳಿ ಅಂಗಡಿಗೆ ಹೋಗಿ, ಮಗಳನ್ನು ಜೊತೆಗೆ ಕರೆದುಕೊಂಡು, ಪರೀಕ್ಷೆ ಮಾಡಿಸಿ, ತೂಕ ಕಣ್ಣಾರೆ ಕಂಡು, ಎರಡು ಕಡೆ ಬೆಲೆ ಕೇಳಿ ಮಾರಿ.

ಇನ್ನೊಂದು ಲೆಕ್ಕ ಕೇಳಿ. ಸೀರೆ ಐದೂವರೆ ಮೀಟರ್. ಎರಡು ಅಂಚು. ಅಂದರೆ ೧೧ ಮೀಟರ್ ಅಂಚು. ಸೀರೆ ಬಿರಿಯುವುದು ಮಡಿಕೆಯ ಗೆರೆಯಲ್ಲಿ. ಮಡಿಕೆ ಮಡಿಕೆಗಳ ನಡುವಿನ ತುಂಡುಗಳು ಗಟ್ಟಿಯಾಗಿಯೇ ಇರುತ್ತವೆ. ಅರ್ಧಕ್ಕರ್ಧ ಹೋಗಿದೆ ಎಂದರೂ ಐದೂವರೆ ಮೀಟರ್ ಅಂಚು ನಿಮ್ಮ ಕೈಯಲ್ಲಿ ಉಳಿಯಿತು! ಹಾಳಾದ ಭಾಗ ಬೇಕಾದರೆ ಜರಿಯವನಿಗೆ ಹೋಗಲಿ. ಒಳ್ಳೆಯ ಭಾಗ ಮಗಳ ಮೈಮೇಲೆ ಬರಲಿ.

ಬಿಚ್ಚುವಾಗ ಒಂದೇ ಒಂದು ಎಚ್ಚರ. ನಿಮ್ಮ ಊರ ಸೀರೆಯಲ್ಲಿ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ ಇದ್ದರೆ, ಅಂಚಿಗೆ ಬೇರೆ ಲಾಳಿ ಹಾಕಿ ಒಡಲಿನ ಎಳೆಗೆ ಕೊಂಡಿ ಕೂಡಿಸಿ ನೇಯ್ದಿರುತ್ತಾರೆ. ಇದನ್ನು ನಿಮಗೆ ನಾನು ಹೇಳಬೇಕೆ, ನಿಮ್ಮ ಕಣ್ಣ ಮುಂದೆಯೇ ಲಾಳಿ ಆಡಿದೆ. ಆ ಕೂಡಿದ ಗೆರೆಯ ಮೇಲೆಯೇ ಕತ್ತರಿ ಆಡಿಸಿದರೆ ಅಂಚು ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಅಂಚಿನ ಜೊತೆ ಒಡಲಿನ ಅರ್ಧ ಅಂಗುಲ ಬಿಟ್ಟು ಕತ್ತರಿಸಿ. ಆ ಅರ್ಧ ಅಂಗುಲವನ್ನು ಹಿಂದಕ್ಕೆ ಮಡಿಚಿ. ಹಳೇ ಜರಿ ಪೆಡಸಾಗಿರುತ್ತದೆ, ಆದ್ದರಿಂದ ಅಂಚಿನ ಹಿಂದೆ ತೆಳು ಹತ್ತಿಬಟ್ಟೆಯ ಪಟ್ಟಿ ಇಟ್ಟು ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಅದನ್ನು ಹೊಸ ಬಟ್ಟೆಯ ಮೇಲಿಟ್ಟು ಮೊದಲು ಕೆಳಗಿನ ಬದಿ, ನಂತರ ಮೇಲಿನ ಬದಿ, ಒಂಟಿ ದಾರದಲ್ಲಿ ಸಣ್ಣಗೆ ಹೊಲಿಯಿರಿ. ಅಂಚನ್ನು ಬಿಗಿ ಎಳೆಯಬೇಡಿ, ಸ್ವಲ್ಪ ಸಡಿಲ ಕೂಡಿಸಿ.

ಎಲ್ಲಿ ಹಾಕಬಹುದು? ನೇರ ಇರುವ ಕಡೆ ಎಲ್ಲೆಲ್ಲಿಯೂ. ಲಂಗದ ಕೆಳಗೆ, ತೋಳಿನ ತುದಿಗೆ, ಸೊಂಟಪಟ್ಟಿಗೆ, ಕುರ್ತಾದ ಎದೆಯ ನೇರ ಸಾಲಿಗೆ. ದುಂಡು ಕುತ್ತಿಗೆಗೆ ಮಾತ್ರ ಬೇಡ. ನೇರ ನೇಯ್ದ ಅಂಚು ದುಂಡಿಗೆ ಬಾಗುವುದಿಲ್ಲ, ಮೊಂಡಾಟ ಮಾಡುತ್ತದೆ. ಅಲ್ಲಿಗೆ ಓರೆಯಾಗಿ ಕತ್ತರಿಸಿದ ಸಾದಾ ಬಟ್ಟೆಯ ಪಟ್ಟಿ ಸಾಕು. ಸೆರಗಿನಲ್ಲಿ ಬಿಡಿಸಿಬಂದ ರೇಷ್ಮೆ ಎಳೆಗಳನ್ನು ಕೂಡಿಸಿ ಕಟ್ಟಿದರೆ ಲಾಡಿಯ ತುದಿಗೆ ಕುಚ್ಚಾಯಿತು. ಇನ್ನು ಉಳಿದ ತುಂಡುಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಚಿ. ನುಸಿಗುಳಿಗೆ ಜರಿಗೆ ತಾಗದಿರಲಿ.

ಕಿತ್ತರೆ ಸೀರೆ ಹೋಯಿತಲ್ಲ ಎಂದು ಕಣ್ಣು ತುಂಬಿಕೊಳ್ಳಬೇಡಿ ತಾಯಿ. ಪೆಟ್ಟಿಗೆಯ ಕತ್ತಲಲ್ಲಿ ಬಿರಿಯುವ ಸೀರೆಗಿಂತ ಮಗಳ ಲಂಗದ ಅಂಚಾಗಿ ಬೀದಿಯ ಬೆಳಕು ಕಾಣುವುದು ಮೇಲಲ್ಲವೇ? ಯಾರಾದರೂ "ಈ ಅಂಚು ಎಲ್ಲಿ ಸಿಕ್ತು?" ಅಂತ ಕೇಳಿದಾಗ ಅವಳು "ನಮ್ಮಪ್ಪ ನೇಯ್ದದ್ದು" ಅನ್ನುತ್ತಾಳೆ. ಆ ಮಾತಿಗೆ ಜರಿಯವನ ತಕ್ಕಡಿಯಲ್ಲಿ ಬೆಲೆಯಿಲ್ಲ.

ಅವಮಾನದ ಮಾತು

ಚಳ್ಳಕೆರೆಯ ತಂಗಿಯ ಸಣ್ಣ ಅಕ್ಷರದ ಸಾಲಿಗೆ ದೊಡ್ಡ ಅಕ್ಷರದಲ್ಲಿ ಉತ್ತರ ಬಾಕಿ ಇದೆ. ಸಂತೆ ಬಟ್ಟೆ ತೊಟ್ಟರೆ ಅವಮಾನವೇ? ಮನೆಯ ಮಿಷನ್ ಮಾರಿ ಮಕ್ಕಳನ್ನು ಓದಿಸಿದ ತಾಯಿಯ ಮಗಳು ನೀನು. ಅದನ್ನು ಮುಚ್ಚಿಡುವುದೇಕೆ? ಬಳ್ಳಾರಿಯ ಜೀನ್ಸ್ ತೊಟ್ಟು ಓಡಾಡುವ ಹುಡುಗರನ್ನು ನೋಡು. ಮೊಣಕಾಲಲ್ಲಿ ಹರಿದ ಪ್ಯಾಂಟಿಗೆ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅವರಿಗಿಲ್ಲದ ನಾಚಿಕೆ ನಿನಗ್ಯಾಕೆ? ಒಗೆದು, ತಿದ್ದಿ, ಇಸ್ತ್ರಿ ಹಾಕಿ, ನೆಟ್ಟಗೆ ನಿಂತರೆ ಬಟ್ಟೆಗೆ ಹಳತು ಹೊಸತು ಇಲ್ಲ. ಕೊಳೆ ಕ್ಲೀನು ಅಂತ ಮಾತ್ರ ಇದೆ.

ಮನೆಯಲ್ಲಿ ಯಾವುದಾದರೂ ಹಳೇ ರೇಷ್ಮೆ ರವಿಕೆ ಇದ್ದರೆ ಅದರ ತೋಳಿನ ಅಂಚು ಬಿಚ್ಚಿ ನಿನ್ನ ಗೌನಿನ ತೋಳಿಗೆ ಕೂಡಿಸು. ನವಿಲು ನೀಲಿಗೆ ಕೆಂಪಂಚೋ ಹಳದಿಯಂಚೋ ಎದ್ದು ಕಾಣುತ್ತದೆ. ಗಂಡಿನ ಕಡೆಯ ಹೆಂಗಸರು ಖಂಡಿತ ಕೇಳುತ್ತಾರೆ, "ಎಲ್ಲಿ ಹೊಲಿಸಿದೆಯಮ್ಮಾ?" ಅಂತ. ಹೇಳು, "ಹೊಲಿಸಲಿಲ್ಲ ಅತ್ತೆ, ನಾನೇ ಕೈಯಲ್ಲಿ ಹೊಲಿದೆ" ಅಂತ. ಆಮೇಲೆ ಅವರ ಮನೆಯ ಹಳೇ ಬಟ್ಟೆಗಳೆಲ್ಲ ನಿನ್ನ ಬಾಗಿಲಿಗೆ ಬಂದರೆ ನನ್ನನ್ನು ಬೈಯಬೇಡ! ಕೂಲಿ ಮಾತ್ರ ಬಿಡಬೇಡ.

ಅಂದಹಾಗೆ, ರವಿಕೆಗೆ ಕಾಜ ಹೊಲಿಯುವುದು ಹೇಗೆ ಎಂದು ಮೂವರು ಕೇಳಿದ್ದಾರೆ. ಅದು ಮುಂದಿನ ವಾರ. ಅಲ್ಲಿಯವರೆಗೆ ಸೂಜಿಗೆ ದಾರ ಪೋಣಿಸಿಟ್ಟುಕೊಂಡಿರಿ.